ಹಳೆಯ ಟೆಲಿಸ್ಕೋಪೋ, ಹೊಸದೋ? ಅಂಗಳದಲ್ಲಿಟ್ಟು ಅಳೆಯುವ ಬಗೆ

ಹುಬ್ಬಳ್ಳಿಯಲ್ಲಿ ಸೂಕ್ಷ್ಮದರ್ಶಕ, ಥಿಯೋಡೊಲೈಟ್, ಬೈನಾಕ್ಯುಲರ್‌ಗಳನ್ನು ರಿಪೇರಿ ಮಾಡುವುದು ನನ್ನ ಕಸುಬು. ಟೆಲಿಸ್ಕೋಪ್ ಹೊಟ್ಟೆಪಾಡಲ್ಲ, ಹುಚ್ಚು. ಆದರೂ ಮಸೂರ ಬಿಚ್ಚಿ ಜೋಡಿಸಲು ಬಲ್ಲವನೆಂಬ ಕಾರಣಕ್ಕೆ ಜನ ನನ್ನ ಬಳಿ ಎರಡು ಪ್ರಶ್ನೆಗಳನ್ನು ತರುತ್ತಾರೆ. "ಕಾಕಾ ಅಮೆರಿಕದಿಂದ ತಂದಿದ್ದ ಟೆಲಿಸ್ಕೋಪ್ ಅಟ್ಟದ ಮೇಲೆ ಬಿದ್ದಿದೆ, ಉಪಯೋಗಕ್ಕೆ ಬಂದೀತೇ?" ಎಂಬುದು ಒಂದು. "ಮೊಬೈಲ್‌ನಲ್ಲೇ ಚಿತ್ರ ತೋರಿಸುವ ಹೊಸದು ಬಂದಿದೆಯಂತಲ್ಲ, ಅದನ್ನೇ ಕೊಂಡರೆ ಹೇಗೆ?" ಎಂಬುದು ಇನ್ನೊಂದು. ಕೇಳುವವರು ಬೇರೆ ಬೇರೆ. ನಾನು ಮಾಡುವ ಪರೀಕ್ಷೆ ಮಾತ್ರ ಒಂದೇ. ಟಾರ್ಚು, ಸ್ಕೇಲು, ಸಣ್ಣ ಸ್ಕ್ರೂಡ್ರೈವರ್, ಒಂದು ಮೋಡವಿಲ್ಲದ ರಾತ್ರಿ ಇದ್ದರೆ ಅದನ್ನು ನೀವೇ ಮಾಡಿಕೊಳ್ಳಬಹುದು.

ಮೊದಲು ಒಂದು ಮಾತು ತಲೆಯಲ್ಲಿರಲಿ. ಒಂದು ಟೆಲಿಸ್ಕೋಪಿಗೆ ಒಂದೇ ವಯಸ್ಸು ಇರುವುದಿಲ್ಲ. ಗಾಜಿಗೊಂದು ಆಯಸ್ಸು, ಮರ ಮತ್ತು ಲೋಹಕ್ಕೊಂದು, ವಿದ್ಯುತ್ ಭಾಗಗಳಿಗೆ ಇನ್ನೊಂದು. ಸರಿಯಾಗಿ ಉಜ್ಜಿದ ಮಸೂರ ಐವತ್ತು ವರ್ಷಗಳ ನಂತರವೂ ಮೊದಲ ದಿನದ ಚಿತ್ರವನ್ನೇ ಕೊಡುತ್ತದೆ. ಲೋಹ ಸವೆಯುತ್ತದೆ, ಮರ ಉಬ್ಬುತ್ತದೆ. ಆದರೆ ಬಡಗಿ ಮತ್ತು ಲೇತ್ ಅಂಗಡಿ ಇರುವ ಊರಿನಲ್ಲಿ ಅದಕ್ಕೆಲ್ಲ ಮದ್ದಿದೆ. ಸರ್ಕ್ಯೂಟ್ ಬೋರ್ಡು, ಬ್ಯಾಟರಿ, ಆ್ಯಪ್‌ಗಳ ಆಯಸ್ಸು ಚಿಕ್ಕದು, ಮದ್ದು ಸಿಗುವುದೂ ಕಷ್ಟ. ಆದ್ದರಿಂದ "ಹಳೆಯದು ಒಳ್ಳೆಯದೋ, ಹೊಸದು ಒಳ್ಳೆಯದೋ" ಎಂದು ಇಡಿಯಾಗಿ ಕೇಳಬೇಡಿ. ಮೂರು ಭಾಗಗಳನ್ನು ಮೂರು ಸಲ ಕೇಳಿ.

ಹಗಲಿನ ಲೆಕ್ಕ

ಕೊಳವೆಯ ಮೇಲೆ ಎಲ್ಲಾದರೂ ಎರಡು ಅಂಕಿಗಳು ಇರುತ್ತವೆ: ಮುಖ್ಯ ಮಸೂರದ ಅಥವಾ ಕನ್ನಡಿಯ ವ್ಯಾಸ, ಮತ್ತು ಸಂಗಮ ದೂರ, ಅಂದರೆ ಅಲ್ಲಿಂದ ಬೆಳಕು ಒಂದೆಡೆ ಸೇರುವ ಜಾಗದವರೆಗಿನ ದೂರ. ಎರಡೂ ಮಿಲಿಮೀಟರಿನಲ್ಲಿ. 1960–70ರ ದಶಕದ ಜಪಾನಿ ಮಸೂರದ ಟೆಲಿಸ್ಕೋಪುಗಳಲ್ಲಿ 60 ಮತ್ತು 900 ಎಂಬ ಜೋಡಿ ಬಹಳ ಸಾಮಾನ್ಯ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 15 ಬರುತ್ತದೆ. ಇದನ್ನು ಎಫ್/15 ಎನ್ನುತ್ತಾರೆ. ವರ್ಧನೆ ಬೇಕಾದರೆ ಸಂಗಮ ದೂರವನ್ನು ಐಪೀಸಿನ (ಕಣ್ಣಿಡುವ ಕಡೆಯ ಚಿಕ್ಕ ಮಸೂರದ) ಅಂಕಿಯಿಂದ ಭಾಗಿಸಿ. 900ಕ್ಕೆ 12.5 ಮಿ.ಮೀ. ಐಪೀಸ್ ಹಾಕಿದರೆ 72 ಪಟ್ಟು.

ಬೆಳಕು ಕೂಡಿಹಾಕುವ ಶಕ್ತಿ ವ್ಯಾಸದ ವರ್ಗವನ್ನು ಅವಲಂಬಿಸಿದೆ. ಕತ್ತಲಲ್ಲಿ ಪೂರ್ತಿ ಅರಳಿದ ಕಣ್ಣಿನ ಪಾಪೆ ಸುಮಾರು 7 ಮಿ.ಮೀ. ಎಂದಿಟ್ಟುಕೊಂಡರೆ, 60 ಮಿ.ಮೀ. ಮಸೂರ ಕಣ್ಣಿಗಿಂತ ಸುಮಾರು 73 ಪಟ್ಟು ಬೆಳಕನ್ನು ಹಿಡಿಯುತ್ತದೆ, 150 ಮಿ.ಮೀ. ಕನ್ನಡಿ ಸುಮಾರು 460 ಪಟ್ಟು. ತಯಾರಾದ ವರ್ಷ ಯಾವುದೇ ಇರಲಿ, ಈ ಲೆಕ್ಕ ಕದಲುವುದಿಲ್ಲ.

"ಹಾಗಾದರೆ ಹೊಸ ಲೇಪನಗಳ ಮಾತೇನು?" ಎಂದು ಅಂಗಡಿಯವರ ಜಾಹೀರಾತು ಓದಿದವರು ಕೇಳುತ್ತಾರೆ. ಲೇಪನವಿಲ್ಲದ ಗಾಜಿನ ಪ್ರತಿ ಮೇಲ್ಮೈಯಲ್ಲೂ ಸುಮಾರು 4 ಪ್ರತಿಶತ ಬೆಳಕು ಹಿಂದಿರುಗಿ ಹೋಗುತ್ತದೆ. ಎರಡು ತುಂಡುಗಳ ಮಸೂರಕ್ಕೆ ನಾಲ್ಕು ಮೇಲ್ಮೈ. ಒಟ್ಟು ನಷ್ಟ ಸುಮಾರು 15 ಪ್ರತಿಶತ. ಇಂದಿನ ಬಹುಪದರ ಲೇಪನ ಈ ನಷ್ಟವನ್ನು 2 ಪ್ರತಿಶತದ ಆಸುಪಾಸಿಗೆ ಇಳಿಸುತ್ತದೆ. ಲೆಕ್ಕ ಹಾಕಿ ನೋಡಿ: ಆ ಲಾಭವೆಲ್ಲ ಸೇರಿ 60 ಮಿ.ಮೀ. ಮಸೂರಕ್ಕೆ 4 ಮಿ.ಮೀ. ಹೆಚ್ಚಿಗೆ ವ್ಯಾಸ ಕೊಟ್ಟಷ್ಟಾಯಿತು. ಬೇಡವೆನ್ನುವಂಥದ್ದಲ್ಲ, ಆದರೆ ಅದಕ್ಕಾಗಿ ಹಳೆಯ ಒಳ್ಳೆಯ ಮಸೂರವನ್ನು ಗುಜರಿಗೆ ಹಾಕುವಂಥದ್ದೂ ಅಲ್ಲ.

ಇನ್ನು ಪೆಟ್ಟಿಗೆಯ ಮೇಲೆ "525 ಪಟ್ಟು" ಎಂದು ದೊಡ್ಡ ಅಕ್ಷರಗಳಲ್ಲಿ ಬರೆದುಕೊಂಡು ಬರುವ ಹೊಸ ಟೆಲಿಸ್ಕೋಪುಗಳು. ಇವು ಸಾಮಾನ್ಯವಾಗಿ 76 ಮಿ.ಮೀ. ಕನ್ನಡಿ, 700 ಮಿ.ಮೀ. ಸಂಗಮ ದೂರದವು. ಜೊತೆಗೆ 4 ಮಿ.ಮೀ. ಐಪೀಸ್, ವರ್ಧನೆಯನ್ನು ಮೂರು ಪಟ್ಟು ಮಾಡುವ ಬಾರ್ಲೋ ಮಸೂರ. 700ನ್ನು 4ರಿಂದ ಭಾಗಿಸಿ ಮೂರರಿಂದ ಗುಣಿಸಿದರೆ 525 ಬಂದೇ ಬರುತ್ತದೆ. ಅಂಕಗಣಿತ ಸುಳ್ಳಲ್ಲ, ಆಸೆ ಸುಳ್ಳು. ವ್ಯಾಸದ ಪ್ರತಿ ಮಿಲಿಮೀಟರಿಗೆ ಎರಡು ಪಟ್ಟು ಎಂಬುದು ಒಳ್ಳೆಯ ರಾತ್ರಿಯ ಮೇಲ್ಮಿತಿ. ಅಂದರೆ ಇಲ್ಲಿ ಸುಮಾರು 150. ಅದಕ್ಕಿಂತ ಮೇಲೆ ದೊಡ್ಡದಾಗುವುದು ಮಬ್ಬು ಮಾತ್ರ. ಹಳೆಯ ಕಾಲದ 60 ಮಿ.ಮೀ. ಟೆಲಿಸ್ಕೋಪುಗಳ ಪೆಟ್ಟಿಗೆಗಳೂ ಇಂಥ ಸುಳ್ಳಿಗೆ ಹೊರತಾಗಿರಲಿಲ್ಲ. ಆದ್ದರಿಂದ ಹಿಂದಿನವರು ಪ್ರಾಮಾಣಿಕರು, ಇಂದಿನವರು ಮೋಸಗಾರರು ಎಂಬ ಭ್ರಮೆ ಬೇಡ.

ಒಂದು ಟಾರ್ಚಿನ ಪರೀಕ್ಷೆ ಹೇಳುತ್ತೇನೆ. ಅಗ್ಗದ ಟೆಲಿಸ್ಕೋಪುಗಳಲ್ಲಿ, ಹಳೆಯದಿರಲಿ ಹೊಸದಿರಲಿ, ಮಸೂರದ ದೋಷ ಕಾಣದಂತೆ ಮಾಡಲು ಕೊಳವೆಯೊಳಗೆ ಒಂದು ಉಂಗುರ ಕೂರಿಸಿ ಅಂಚಿನ ಬೆಳಕನ್ನು ತಡೆದಿರುತ್ತಾರೆ. ಲೇಬಲ್ಲಿನಲ್ಲಿ 60 ಎಂದಿರುತ್ತದೆ, ಕೆಲಸಕ್ಕೆ ಸಿಗುವುದು ಅದಕ್ಕಿಂತ ಕಡಿಮೆ. ದೂರದ ವಸ್ತುವಿಗೆ ಫೋಕಸ್ ಮಾಡಿ, ಹಾಗೆಯೇ ಬಿಟ್ಟು, ಕತ್ತಲ ಕೋಣೆಯಲ್ಲಿ ಐಪೀಸಿಗೆ ಮೊಬೈಲ್ ಟಾರ್ಚ್ ಹಿಡಿಯಿರಿ. ಮುಂದಿನ ಮಸೂರಕ್ಕೆ ತಾಗುವಂತೆ ಬಿಳಿ ಹಾಳೆ ಇಟ್ಟು, ಅದರ ಮೇಲೆ ಬೀಳುವ ಬೆಳಕಿನ ವೃತ್ತವನ್ನು ಸ್ಕೇಲಿನಿಂದ ಅಳೆಯಿರಿ. ನಿಮ್ಮ ಟೆಲಿಸ್ಕೋಪಿನ ನಿಜವಾದ ವ್ಯಾಸ ಅದು.

ಹಳೆಯದನ್ನು ಬಿಚ್ಚಿ ನೋಡುವಾಗ

ನಮ್ಮ ಹವೆಯಲ್ಲಿ ಹಳೆಯ ಗಾಜಿಗಿರುವ ಒಂದೇ ದೊಡ್ಡ ಶತ್ರು ಬೂಷ್ಟು. ಹುಬ್ಬಳ್ಳಿಯಿಂದ ಪೂರ್ವಕ್ಕೆ, ಗದಗ–ನವಲಗುಂದದ ಕಡೆಯಿಂದ ಬರುವ ಉಪಕರಣಗಳಲ್ಲಿ ದೂಳು ಇರುತ್ತದೆ; ಶಿರಸಿ, ಕುಮಟಾ, ಉಡುಪಿಯ ಕಡೆಯಿಂದ ಬಂದವುಗಳಲ್ಲಿ ಬೂಷ್ಟು ಇರುತ್ತದೆ. ದೂಳಿಗೆ ಹೆದರಬೇಕಿಲ್ಲ, ಅದು ಚಿತ್ರವನ್ನು ಹೆಚ್ಚು ಕೆಡಿಸುವುದಿಲ್ಲ. ಮಸೂರದ ಹಿಂದಿನಿಂದ ಓರೆಯಾಗಿ ಟಾರ್ಚ್ ಬಿಡಿ. ಜೇಡನ ಎಳೆಗಳಂತೆ ಕವಲೊಡೆದ ಗೆರೆಗಳು ಕಂಡರೆ ಅದು ಬೂಷ್ಟು. ಅದು ಸ್ರವಿಸುವ ಆಮ್ಲ ಲೇಪನವನ್ನೂ ಕೊನೆಗೆ ಗಾಜನ್ನೂ ತಿನ್ನುತ್ತದೆ. ಹೊಸ ಬೂಷ್ಟಾದರೆ ಒರೆಸಿದಾಗ ಹೋಗುತ್ತದೆ. ಒರೆಸಿದ ಮೇಲೂ ಗೆರೆಯ ಗುರುತು ಉಳಿದರೆ ಗಾಜು ತಿಂದುಹೋಗಿದೆ ಎಂದರ್ಥ. ಅಂಚಿನಲ್ಲಿ ಸ್ವಲ್ಪ ಇದ್ದರೆ ಸಹಿಸಿಕೊಳ್ಳಬಹುದು, ನಡುವೆ ಹರಡಿದ್ದರೆ ಬೆಲೆ ಮಾತಾಡುವ ಅಗತ್ಯವೇ ಇಲ್ಲ.

ಎರಡು ತುಂಡುಗಳ ಮಸೂರವನ್ನು ಸ್ವಚ್ಛಗೊಳಿಸಲು ಬಿಚ್ಚುವುದಾದರೆ, ಬಿಚ್ಚುವ ಮೊದಲೇ ಎರಡೂ ತುಂಡುಗಳ ಅಂಚಿನ ಮೇಲೆ ಪೆನ್ಸಿಲಿನಿಂದ ಒಂದೇ ಗೆರೆ ಎಳೆಯಿರಿ. ಗೆರೆಯನ್ನು ಬಾಣದ ಆಕಾರದಲ್ಲಿ ಎಳೆದರೆ ಯಾವ ಮುಖ ಮುಂದೆ ಎಂಬುದೂ ನೆನಪಿರುತ್ತದೆ. ನಡುವೆ ಮೂರು ಕಡೆ ತೆಳುವಾದ ತವರದ ಹಾಳೆಯ ಚೂರುಗಳಿರುತ್ತವೆ. ಅವು ಕಸವಲ್ಲ, ಎರಡು ಗಾಜುಗಳ ನಡುವಿನ ಅಂತರವನ್ನು ಕಾಯುವ ಭಾಗಗಳು. "ಮಸೂರ ಹಾಳಾಗಿದೆ" ಎಂದು ನನ್ನ ಮೇಜಿಗೆ ಬಂದ ಎಷ್ಟೋ ಟೆಲಿಸ್ಕೋಪುಗಳಲ್ಲಿ ಹಾಳಾಗಿದ್ದು ಮಸೂರವಲ್ಲ. ಯಾರೋ ಒರೆಸಿ, ಒಂದು ತುಂಡನ್ನು ತಿರುವುಮುರುವಾಗಿ ಕೂರಿಸಿದ್ದರು. ತಿರುಗಿಸಿ ಹಾಕಿದರೆ ಮುಗಿಯಿತು. ಇಂಥ ಟೆಲಿಸ್ಕೋಪ್ ಅಗ್ಗವಾಗಿ ಸಿಕ್ಕರೆ ನಿಮ್ಮ ಪುಣ್ಯ.

ಕನ್ನಡಿಯ ಟೆಲಿಸ್ಕೋಪುಗಳ ಮಾತು ಬೇರೆ. ಅಲ್ಲಿ ಗಾಜು ಉಳಿದರೂ ಅದರ ಮೇಲಿನ ಅಲ್ಯೂಮಿನಿಯಂ ಪದರ ಮಂಕಾಗುತ್ತದೆ. ಹೊಸ ಪದರ ಸುಮಾರು 88 ಪ್ರತಿಶತ ಬೆಳಕನ್ನು ಹಿಂದಿರುಗಿಸುತ್ತದೆ. ಎರಡು ಕನ್ನಡಿ ದಾಟುವಷ್ಟರಲ್ಲಿ 77. ಮಾಸಿದ ಮೇಲೆ ಇನ್ನೂ ಇಳಿಯುತ್ತದೆ. ಕನ್ನಡಿಯ ಹಿಂದೆ ಬಲ್ಬ್ ಹಿಡಿದರೆ ನೂರಾರು ಸೂಜಿತೂತುಗಳು ಕಾಣಬಹುದು. ಅದನ್ನು ನೋಡಿ ಗಾಬರಿಯಾಗಬೇಡಿ, ಕೆಲವು ತೂತುಗಳಿಂದ ಏನೂ ಆಗುವುದಿಲ್ಲ. ಕನ್ನಡಿಯನ್ನು ಬಟ್ಟೆಯಿಂದ ಉಜ್ಜುವುದು ಮಾತ್ರ ಅಪರಾಧ. ನಲ್ಲಿಯ ಕೆಳಗೆ ಹಿಡಿದು ದೂಳನ್ನು ಹರಿಯಬಿಟ್ಟು, ಪಾತ್ರೆ ತೊಳೆಯುವ ದ್ರಾವಣದ ಒಂದೆರಡು ಹನಿ ಬೆರೆಸಿದ ನೀರಿನಲ್ಲಿ ಮುಳುಗಿಸಿ, ಹತ್ತಿಯನ್ನು ಅದರ ಸ್ವಂತ ಭಾರದಲ್ಲಷ್ಟೇ ಎಳೆದು, ಕೊನೆಗೆ ಬ್ಯಾಟರಿಗೆ ಹಾಕುವ ಭಟ್ಟಿ ಇಳಿಸಿದ ನೀರಿನಿಂದ ತೊಳೆದು ಓರೆಯಾಗಿ ನಿಲ್ಲಿಸಿ ಒಣಗಿಸಿ. ಪದರ ಪೂರ್ತಿ ಹೋಗಿದ್ದರೆ ಹೊಸದಾಗಿ ಹಾಕಿಸಬಹುದು. ಕೈಯಲ್ಲಿ ಉಜ್ಜಿದ ಒಳ್ಳೆಯ ಕನ್ನಡಿಗೆ ಆ ಖರ್ಚು ದಂಡವಲ್ಲ.

ಐಪೀಸುಗಳಲ್ಲಿ ಹಳೆಯದಕ್ಕೂ ಹೊಸದಕ್ಕೂ ನಿಜವಾದ ಅಂತರವಿದೆ. ಜಪಾನಿ ಮಾದರಿಯ ಹಳೆಯ ಟೆಲಿಸ್ಕೋಪುಗಳ ಐಪೀಸ್ ಕೊಳವೆ 0.965 ಇಂಚಿನದು, ಅಂದರೆ 24.5 ಮಿ.ಮೀ. ಇಂದಿನದು 1.25 ಇಂಚು. ಹಳೆಯದರ ಜೊತೆ ಬರುತ್ತಿದ್ದ ಹೈಗೆನ್ಸ್, ರ‍್ಯಾಮ್ಸ್‌ಡೆನ್ ಐಪೀಸುಗಳಲ್ಲಿ ನೋಡುವುದೆಂದರೆ ಕೀಲಿಕೈ ತೂತಿನಿಂದ ಇಣುಕಿದಂತೆ. ಐಪೀಸ್ ಕೆಟ್ಟದ್ದಿರುವ ಕಾರಣಕ್ಕೆ ಒಳ್ಳೆಯ ಮಸೂರವನ್ನೇ ಬೈದು ಮೂಲೆಗಿಟ್ಟವರು ಬಹಳ ಮಂದಿ. ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಯಾವುದಾದರೂ ಲೇತ್‌ನವರ ಬಳಿ ಹೋಗಿ, ಫೋಕಸರ್ (ಐಪೀಸನ್ನು ಹಿಡಿದು ಒಳಹೊರಗೆ ಸರಿಸುವ ಭಾಗ) ಮತ್ತು ಹೊಸ ಐಪೀಸ್ ಎರಡನ್ನೂ ಕೈಯಲ್ಲಿ ಕೊಟ್ಟು, ಅವನ್ನು ಜೋಡಿಸುವ ಒಂದು ಹಿತ್ತಾಳೆ ಬುಷ್ (ಬಳೆ) ತಿರುಗಿಸಿಕೊಡಿ ಎನ್ನಿ. ಅದಕ್ಕೆ 25 ಮತ್ತು 12 ಮಿ.ಮೀ. ಆಸುಪಾಸಿನ ಪ್ಲೋಸಲ್ ಎಂಬ ಬಗೆಯ ಎರಡು ಐಪೀಸ್ ಕೂಡಿಸಿದರೆ ಅಟ್ಟದ ಟೆಲಿಸ್ಕೋಪ್ ಬೇರೆಯೇ ಉಪಕರಣವಾಗುತ್ತದೆ.

ಇಲ್ಲಿ ಒಂದು ಕಟ್ಟುನಿಟ್ಟಿನ ಎಚ್ಚರಿಕೆ. ಹಳೆಯ ಪೆಟ್ಟಿಗೆಗಳಲ್ಲಿ ಐಪೀಸಿಗೆ ತಿರುಗಿಸಿ ಕೂರಿಸುವ, "ಸನ್" ಎಂದು ಕೆತ್ತಿದ ಕಪ್ಪು ಅಥವಾ ಗಾಢ ಹಸಿರು ಗಾಜಿನ ಫಿಲ್ಟರ್ ಇರುತ್ತದೆ. ಸೂರ್ಯನ ಕಾವೆಲ್ಲ ಒಂದೇ ಕಡೆ ಸೇರುವ ಜಾಗದಲ್ಲಿ ಅದು ಕೂರುತ್ತದೆ, ಬಿಸಿಗೆ ಸಿಡಿಯುತ್ತದೆ. ಸಿಡಿದ ಕ್ಷಣದಲ್ಲಿ ಅದರ ಹಿಂದಿರುವುದು ನಿಮ್ಮ ಕಣ್ಣು. ಅದನ್ನು ಸುತ್ತಿಗೆಯಿಂದ ಒಡೆದು ಹಾಕಿ, ಇನ್ನೊಬ್ಬರ ಕೈಗೂ ಸಿಗಬಾರದು. ಸೂರ್ಯನನ್ನು ನೋಡುವ ಫಿಲ್ಟರ್ ಎಂದರೆ ಕೊಳವೆಯ ಮುಂಭಾಗವನ್ನು ಪೂರ್ತಿ ಮುಚ್ಚುವಂಥದ್ದು ಮಾತ್ರ.

ಲೋಹದ ಭಾಗಕ್ಕೆ ಬರೋಣ. ಹಳೆಯ ಗ್ರೀಸು ಗಟ್ಟಿಯಾಗಿ ಗೇರುಗಳು ಕಚ್ಚಿಕೊಂಡಿರುತ್ತವೆ. ಸೀಮೆಎಣ್ಣೆಯಲ್ಲಿ ತೊಳೆದು ಲಿಥಿಯಂ ಗ್ರೀಸು ಹಚ್ಚಿದರೆ ಸಾಕು; ಇದಕ್ಕೆ ಟೆಲಿಸ್ಕೋಪ್ ತಜ್ಞರು ಬೇಡ, ಹೊಲಿಗೆ ಯಂತ್ರ ರಿಪೇರಿಯವರೂ ಮಾಡುತ್ತಾರೆ. ಹಳೆಯ ಮರದ ಟ್ರೈಪಾಡ್ ಇದ್ದರೆ ಬಿಸಾಡಬೇಡಿ. ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ನಕ್ಷತ್ರ ಅಲುಗಾಡುವುದು ನಿಲ್ಲಲು ಎಷ್ಟು ಸೆಕೆಂಡ್ ಎಂದು ಎಣಿಸಿ. ಎರಡರೊಳಗೆ ನಿಂತರೆ ಉತ್ತಮ, ಐದು ದಾಟಿದರೆ ಅದು ರಾತ್ರಿಯಿಡೀ ನಿಮ್ಮ ತಾಳ್ಮೆ ತಿನ್ನುತ್ತದೆ. ಈ ಪರೀಕ್ಷೆಯಲ್ಲಿ ಹಳೆಯ ಮರದ ಕಾಲುಗಳು ಹೊಸ ತೆಳು ಅಲ್ಯೂಮಿನಿಯಂ ಕಾಲುಗಳನ್ನು ಸೋಲಿಸುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಅಮೆರಿಕದಿಂದ ಬಂದವುಗಳ ತೊಡಕು

ಅಮೆರಿಕದ ಹವ್ಯಾಸಿಗಳ ಅಂಗಳದಲ್ಲಿ 1970ರಿಂದ ಮೆರೆದದ್ದು ಸೆಲೆಸ್ಟ್ರಾನ್ ಕಂಪನಿಯ ಕಿತ್ತಳೆ ಬಣ್ಣದ ಸಿ8: ಎಂಟು ಇಂಚಿನ ಕನ್ನಡಿ, 2032 ಮಿ.ಮೀ. ಸಂಗಮ ದೂರ, ಆದರೂ ತೋಳಿನಲ್ಲಿ ಅಪ್ಪಿ ಹಿಡಿಯಬಹುದಾದ ಗಿಡ್ಡ ಕೊಳವೆ. ಗಾಜು ಚೆನ್ನಾಗಿರುವ ಹಳೆಯ ಸಿ8 ಇಂದಿಗೂ ಎಂಟು ಇಂಚಿನ ಟೆಲಿಸ್ಕೋಪೇ. ಆದರೆ ಅದನ್ನು ನಮ್ಮೂರಿಗೆ ತಂದಾಗ ಎರಡು ತೊಡಕುಗಳಿವೆ, ಅಲ್ಲಿನ ಪುಸ್ತಿಕೆಗಳಲ್ಲಿ ಇವು ಇರುವುದಿಲ್ಲ.

ಮೊದಲನೆಯದು ಮೋಟಾರು. ಭೂಮಿಯ ತಿರುಗುವಿಕೆಗೆ ಸರಿಯಾಗಿ ಕೊಳವೆಯನ್ನು ತಿರುಗಿಸುವ ಆ ಕಾಲದ ಮೋಟಾರು ಅಮೆರಿಕದ 110 ವೋಲ್ಟ್, 60 ಹರ್ಟ್ಸ್ ವಿದ್ಯುತ್ತಿಗೆ ಮಾಡಿದ್ದು. ನಮ್ಮ 230 ವೋಲ್ಟಿಗೆ ನೇರವಾಗಿ ಚುಚ್ಚಿದರೆ ಸುಟ್ಟುಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಹಾಕಿದರೆ ಸುಡುವುದು ತಪ್ಪುತ್ತದೆ, ಆದರೆ ನಮ್ಮಲ್ಲಿ 50 ಹರ್ಟ್ಸ್. ಮೋಟಾರಿನ ವೇಗ ಹರ್ಟ್ಸ್‌ಗೆ ಕಟ್ಟುಬಿದ್ದಿರುವುದರಿಂದ ಅದು ಆರರಲ್ಲಿ ಐದು ಪಾಲು ವೇಗದಲ್ಲಿ ಮಾತ್ರ ತಿರುಗುತ್ತದೆ. ಗುರುಗ್ರಹ ಹೇಗಾದರೂ ನಿಧಾನವಾಗಿ ಜಾರಿಕೊಂಡೇ ಹೋಗುತ್ತದೆ, ಮನೆಯವರು ಟೆಲಿಸ್ಕೋಪ್ ಕೆಟ್ಟಿದೆ ಎನ್ನುತ್ತಾರೆ. ವೋಲ್ಟೇಜ್ ಜೊತೆಗೆ ಹರ್ಟ್ಸ್ ಕೂಡ ಬದಲಿಸುವ ಇನ್ವರ್ಟರ್ ಕಟ್ಟಿಸಬೇಕು, ಇಲ್ಲವೇ ಮೋಟಾರನ್ನು ಮರೆತು ಕೈಯಿಂದ ತಿರುಗಿಸಬೇಕು.

ಎರಡನೆಯದು ಅಕ್ಷಾಂಶ. ಕೊಳವೆಯನ್ನು ಹೊತ್ತು ತಿರುಗಿಸುವ ಆಸರೆಗೆ ಮೌಂಟ್ ಎನ್ನುತ್ತಾರೆ. ಆಕಾಶದ ತಿರುಗುವಿಕೆಯನ್ನು ಹಿಂಬಾಲಿಸುವಂತೆ ಮಾಡಿದ ಈಕ್ವೆಟೋರಿಯಲ್ ಮೌಂಟಿನ ಒಂದು ಅಕ್ಷವನ್ನು ಧ್ರುವ ನಕ್ಷತ್ರದ ಕಡೆಗೆ ತಿರುಗಿಸಬೇಕು. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಎತ್ತರದಲ್ಲಿದೆಯೋ ಅದೇ ನಮ್ಮ ಅಕ್ಷಾಂಶ: ಹುಬ್ಬಳ್ಳಿಯಲ್ಲಿ ಸುಮಾರು 15 ಡಿಗ್ರಿ, ಬೆಂಗಳೂರಿನಲ್ಲಿ 13. ಅಮೆರಿಕ, ಯುರೋಪುಗಳ 40–50 ಡಿಗ್ರಿಗೆ ಹೊಂದುವಂತೆ ಮಾಡಿದ ಹಲವು ಮೌಂಟುಗಳು ಇಷ್ಟು ಕೆಳಗೆ ಬಾಗುವುದೇ ಇಲ್ಲ. ಬಾಗಿದರೂ ಸಮತೂಕದ ಸರಳು ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. ಮೇಲಾಗಿ 13 ಡಿಗ್ರಿ ಎತ್ತರದ ಧ್ರುವ ನಕ್ಷತ್ರ ಬೆಂಗಳೂರಿನ ಯಾವ ತಾರಸಿಯಿಂದ ಕಂಡೀತು? ಎದುರುಮನೆಯ ನೀರಿನ ಟ್ಯಾಂಕೇ ಅದನ್ನು ಮುಚ್ಚಿರುತ್ತದೆ. ಕೊಳ್ಳುವ ಮೊದಲು ಅಕ್ಷಾಂಶದ ಸ್ಕ್ರೂ ತಿರುಗಿಸಿ, ಅದು 15ಕ್ಕೆ ಇಳಿಯುತ್ತದೆಯೇ ಎಂದು ನೋಡಿ. ಹೊಸ ಮೌಂಟಿಗೂ ಇದೇ ಪರೀಕ್ಷೆ.

ಈ ಎರಡೂ ಜಂಜಾಟವಿಲ್ಲದ ಮೌಂಟ್ ಡಾಬ್ಸೋನಿಯನ್. ಅದನ್ನು ಬಳಕೆಗೆ ತಂದ ಜಾನ್ ಡಾಬ್ಸನ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಾಮಕೃಷ್ಣ ಪರಂಪರೆಯ ವೇದಾಂತ ಸನ್ಯಾಸಿಯಾಗಿದ್ದವರು. ಹಡಗಿನ ಕಿಟಕಿ ಗಾಜನ್ನು ಉಜ್ಜಿ ಕನ್ನಡಿ ಮಾಡಿ, ಪ್ಲೈವುಡ್ ಪೆಟ್ಟಿಗೆಯಲ್ಲಿ ಕೂರಿಸಿ, ಆಶ್ರಮ ಬಿಟ್ಟ ಮೇಲೆ 1968ರಲ್ಲಿ ಪಾದಚಾರಿ ಮಾರ್ಗದ ಮೇಲೇ ಜನರಿಗೆ ಆಕಾಶ ತೋರಿಸುವ ಸಂಘ ಕಟ್ಟಿದರು. ಮೋಟಾರಿಲ್ಲ, ಅಕ್ಷಾಂಶವಿಲ್ಲ, ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ, ಅಷ್ಟೇ. ಸನ್‌ಮೈಕಾದ ಮೇಲೆ ಟೆಫ್ಲಾನ್ ಚೂರುಗಳು ಜಾರುವುದೇ ಇದರ ಬೇರಿಂಗು. ಕೆಟ್ಟರೆ ನಿಮ್ಮ ಓಣಿಯ ಬಡಗಿ ಸರಿಮಾಡುತ್ತಾರೆ. ಹಳೆಯದು–ಹೊಸದು ಎಂಬ ಜಗಳ ಬಹುಮಟ್ಟಿಗೆ ಅರ್ಥ ಕಳೆದುಕೊಳ್ಳುವುದು ಈ ಒಂದು ಮಾದರಿಯಲ್ಲಿ.

ಹೊಸದರಲ್ಲಿ ಏನನ್ನು ಕೇಳಬೇಕು

ಹೊಸ ಕಾಲ ಕೊಟ್ಟ ಒಳ್ಳೆಯದನ್ನು ಒಪ್ಪಿಕೊಳ್ಳಲೇಬೇಕು. ಆರು, ಎಂಟು ಇಂಚಿನ ಕನ್ನಡಿ ಒಂದು ಕಾಲದಲ್ಲಿ ಶ್ರೀಮಂತರ ಅಥವಾ ತಾವೇ ಉಜ್ಜಿಕೊಳ್ಳುವ ಹಟವಾದಿಗಳ ಸ್ವತ್ತಾಗಿತ್ತು; ಈಗ ಕಾರ್ಖಾನೆಯ ಡಾಬ್ಸೋನಿಯನ್ ಪೆಟ್ಟಿಗೆಯಲ್ಲಿ ಮನೆಗೆ ಬರುತ್ತದೆ. ಬಣ್ಣಗಳನ್ನು ಕಡಿಮೆ ಚದುರಿಸುವ ಇ.ಡಿ. ಗಾಜಿನ ಮಸೂರಗಳಲ್ಲಿ ನೇರಳೆ ಅಂಚು ಬಹಳ ಕಡಿಮೆ. ತೀರಾ ವಿಶಾಲ ನೋಟದ ಐಪೀಸುಗಳು 1980ರ ದಶಕದಿಂದ ಬಂದ ವರ.

ಆದರೆ ಅಗ್ಗದ ಹೊಸ ಮಸೂರದ ಟೆಲಿಸ್ಕೋಪುಗಳು ಗಿಡ್ಡವಾಗಿವೆ, 70 ಮಿ.ಮೀ. ವ್ಯಾಸ, 400 ಮಿ.ಮೀ. ಸಂಗಮ ದೂರ ಎಂಬಂತೆ. ಸಾದಾ ಮಸೂರದಲ್ಲಿ ಬಣ್ಣದ ದೋಷ ಕಣ್ಣಿಗೆ ಚುಚ್ಚದಿರಬೇಕಾದರೆ ಎಫ್ ಸಂಖ್ಯೆ, ಇಂಚಿನಲ್ಲಿ ಅಳೆದ ವ್ಯಾಸದ ಮೂರು ಪಟ್ಟಾದರೂ ಇರಬೇಕೆಂಬ ಹಳೆಯ ಸೂತ್ರವಿದೆ. 60 ಮಿ.ಮೀ.ಗೆ 7 ಸಾಕು, ಹಳೆಯ ಜಪಾನಿ ಕೊಳವೆಯಲ್ಲಿ 15 ಇದೆ. 70 ಮಿ.ಮೀ.ಗೆ 8 ಬೇಕು, ಹೊಸ ಗಿಡ್ಡ ಕೊಳವೆಯಲ್ಲಿ ಇರುವುದು 5.7. ಚಂದ್ರನ ಅಂಚಿನಲ್ಲಿ ನೇರಳೆ ಗೆರೆ ಯಾಕೆ ಬರುತ್ತದೆ ಎಂದು ಇನ್ನು ಕೇಳಬೇಕಿಲ್ಲ.

ಕನ್ನಡಿಯವುಗಳಲ್ಲಿ ಒಂದು ಬಗೆಯನ್ನು ದೂರವಿಡಿ: ಲೇಬಲ್ಲಿನಲ್ಲಿ ಸಂಗಮ ದೂರ 1000 ಮಿ.ಮೀ., ಆದರೆ ಕೊಳವೆಯ ಉದ್ದ ಅದರ ಅರ್ಧ. ಫೋಕಸರಿನೊಳಗೆ ಒಂದು ಮಸೂರ ಸೇರಿಸಿ ಉದ್ದವನ್ನು ಮೋಸದಿಂದ ತುಂಬಿರುತ್ತಾರೆ. 114 ಮತ್ತು 127 ಮಿ.ಮೀ. ವ್ಯಾಸದಲ್ಲಿ ಇವು ಹೆಚ್ಚು. ಕನ್ನಡಿಗಳನ್ನು ಒಂದೇ ನೇರಕ್ಕೆ ತರುವುದೇ ಇವುಗಳಲ್ಲಿ ಹೈರಾಣ.

ಮೋಟಾರು ಮತ್ತು ಗಣಕದಿಂದ ತಾನೇ ನಕ್ಷತ್ರ ಹುಡುಕುವ ಗೋ-ಟು ಟೆಲಿಸ್ಕೋಪುಗಳ ಬಗ್ಗೆ ನನ್ನ ನಿಲುವು ಒರಟು. ಹೊಸದನ್ನು ಕೊಳ್ಳಿ, ಅಥವಾ ಕೊಳ್ಳಲೇಬೇಡಿ. ಇಪ್ಪತ್ತು ವರ್ಷದ ಹಳೆಯ ಗೋ-ಟು ಎಂದರೆ ಕೊಳವೆಗೆ ಮಾತ್ರ ಬೆಲೆ, ಮೌಂಟಿಗೆ ಸೊನ್ನೆ ಎಂದೇ ಚೌಕಾಸಿ ಮಾಡಿ. ಕಂಪನಿಗಳೂ ಶಾಶ್ವತವಲ್ಲ: ದಶಕಗಳ ಕಾಲ ಹೆಸರಾಗಿದ್ದ ಮೀಡ್ ಮತ್ತು ಓರಿಯನ್ 2024ರಲ್ಲಿ ಬಾಗಿಲು ಹಾಕಿದವು. ಕನ್ನಡಿ ಮಾಡಿದ ಕಂಪನಿ ಮುಚ್ಚಿದರೆ ಕನ್ನಡಿಗೇನೂ ಆಗುವುದಿಲ್ಲ, ಮೌಂಟನ್ನು ನಡೆಸುವ ಕೈಪೆಟ್ಟಿಗೆಯ (ರಿಮೋಟಿನ) ಸಾಫ್ಟ್‌ವೇರ್ ಮಾಡಿದ ಕಂಪನಿ ಮುಚ್ಚಿದರೆ ಆಗುತ್ತದೆ.

ಇನ್ನು ಎಲ್ಲರೂ ಕೇಳುವ ಸ್ಮಾರ್ಟ್ ಟೆಲಿಸ್ಕೋಪ್. 2023ರಲ್ಲಿ ಬಂದ ಸೀಸ್ಟಾರ್ ಎಸ್50ಯನ್ನೇ ತೆಗೆದುಕೊಳ್ಳಿ. 50 ಮಿ.ಮೀ. ಮಸೂರ, 250 ಮಿ.ಮೀ. ಸಂಗಮ ದೂರ, ಕಣ್ಣಿಡುವ ಜಾಗವೇ ಇಲ್ಲ, ಇರುವುದು ಕ್ಯಾಮೆರಾ. ಹತ್ತು ಹತ್ತು ಸೆಕೆಂಡಿನ ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುತ್ತಾ ಹೋಗಿ ಮೊಬೈಲಿಗೆ ಕಳುಹಿಸುತ್ತದೆ. ಕೊಳ್ಳುವ ಮೊದಲು ಮೂರು ವಿಷಯ ವಿಚಾರಿಸಿ: ಇಂಟರ್ನೆಟ್ ಇಲ್ಲದ ಹೊಲದಲ್ಲಿ ಕೆಲಸ ಮಾಡುತ್ತದೆಯೇ, ಒಳಗಿನ ಬ್ಯಾಟರಿಯನ್ನು ಬದಲಿಸಲು ಬರುತ್ತದೆಯೇ, ನಿಮ್ಮ ಮೊಬೈಲಿನಲ್ಲಿ ಆ್ಯಪ್ ಓಡುತ್ತದೆಯೇ.

ರಾತ್ರಿಯ ಪೈಪೋಟಿ

ಹೋಲಿಕೆ ನ್ಯಾಯವಾಗಬೇಕಾದರೆ ಒಂದೇ ರಾತ್ರಿ, ಒಂದೇ ಜಾಗ, ಹತ್ತಿರ ಹತ್ತಿರದ ವರ್ಧನೆ ಇರಬೇಕು. ನಿನ್ನೆ ಧಾರವಾಡದ ತಾರಸಿಯಿಂದ ಒಂದರಲ್ಲಿ, ಇವತ್ತು ದಾಂಡೇಲಿಯ ಕಾಡಂಚಿನಿಂದ ಇನ್ನೊಂದರಲ್ಲಿ ನೋಡಿ ತೀರ್ಪು ಕೊಟ್ಟರೆ ನೀವು ಹೋಲಿಸಿದ್ದು ಆಕಾಶಗಳನ್ನು. ನಾನು ನವಲಗುಂದದ ಕಡೆಯ ಎರೆಹೊಲದಲ್ಲಿ, ನವೆಂಬರಿನಿಂದ ಫೆಬ್ರುವರಿಯವರೆಗಿನ ಅಮಾವಾಸ್ಯೆಯ ಆಸುಪಾಸಿನಲ್ಲಿ ಇದನ್ನು ಮಾಡುತ್ತೇನೆ. ಚಂದ್ರನನ್ನು ನೋಡುವ ಪರೀಕ್ಷೆಗೆ ಮಾತ್ರ ಅಷ್ಟಮಿ, ನವಮಿಯ ಸಂಜೆ ಮನೆಯ ತಾರಸಿಯೇ ಸಾಕು.

ಸಾಲಾಗಿ ಇಡುವುದು ಹಳೆಯ 60 ಮಿ.ಮೀ. ಎಫ್/15, ಆರು ಇಂಚಿನ 1200 ಮಿ.ಮೀ. ಡಾಬ್ಸೋನಿಯನ್, ಮತ್ತು ಗೆಳೆಯರೊಬ್ಬರ 50 ಮಿ.ಮೀ. ಸ್ಮಾರ್ಟ್ ಟೆಲಿಸ್ಕೋಪ್. ಮೊದಲನೆಯದಕ್ಕೆ 12.5 ಮಿ.ಮೀ. ಐಪೀಸ್, ಎರಡನೆಯದಕ್ಕೆ 17. ಎರಡರಲ್ಲೂ ಸುಮಾರು 70 ಪಟ್ಟು. ದೊಡ್ಡ ಕನ್ನಡಿಯನ್ನು ಅರ್ಧ ಗಂಟೆಯಾದರೂ ಹೊರಗಿಟ್ಟು ತಣಿಸಿ. ಬಿಸಿಯಿರುವ ಕನ್ನಡಿಯ ಮೇಲೆ ಗಾಳಿ ಕುಣಿಯುವಾಗ ನೋಡಿ "ಹಳೆಯ ಚಿಕ್ಕದೇ ಚೂಪು" ಎನ್ನುವುದು ಅನ್ಯಾಯ.

ಶುರುವಿಗೆ ಒಂದು ಪ್ರಕಾಶಮಾನ ನಕ್ಷತ್ರವನ್ನು ಫೋಕಸಿನಿಂದ ಸ್ವಲ್ಪ ಒಳಗೆ, ಸ್ವಲ್ಪ ಹೊರಗೆ ಸರಿಸಿ ನೋಡಿ. ಎರಡೂ ಕಡೆ ಒಂದೇ ಕೇಂದ್ರದ ಉಂಗುರಗಳು, ಒಂದೇ ತೆರನಾಗಿ ಕಾಣಬೇಕು. ಉಂಗುರಗಳು ಒಂದು ಬದಿಗೆ ವಾಲಿದ್ದರೆ ಕನ್ನಡಿಗಳು ನೇರಕ್ಕಿಲ್ಲ, ಸ್ಕ್ರೂ ತಿರುಗಿಸಿ ಸರಿಪಡಿಸಬಹುದು. ಒಳಗೆ ಒಂದು ರೀತಿ, ಹೊರಗೆ ಇನ್ನೊಂದು ರೀತಿ ಇದ್ದರೆ ಗಾಜನ್ನು ಉಜ್ಜಿದ್ದೇ ಸರಿಯಿಲ್ಲ, ಅದಕ್ಕೆ ಮದ್ದಿಲ್ಲ.

ಆಮೇಲೆ ಅವಳಿ ನಕ್ಷತ್ರಗಳು. ಚೂಪುತನವನ್ನು ಅಳೆಯಲು ಇದಕ್ಕಿಂತ ಖರ್ಚಿಲ್ಲದ ಸಾಧನವಿಲ್ಲ. ಎಷ್ಟು ಹತ್ತಿರದ ಜೋಡಿಯನ್ನು ಬಿಡಿಸಬಹುದು ಎಂಬುದಕ್ಕೆ 116ನ್ನು ಮಿಲಿಮೀಟರಿನ ವ್ಯಾಸದಿಂದ ಭಾಗಿಸಿ, 60ಕ್ಕೆ 1.9 ಆರ್ಕ್ ಸೆಕೆಂಡ್ (ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು ಒಂದು ಆರ್ಕ್ ಸೆಕೆಂಡ್), 150ಕ್ಕೆ 0.77. ಸಪ್ತರ್ಷಿ ಮಂಡಲದಲ್ಲಿ ಅರುಂಧತಿಯ ಪಕ್ಕದ ವಸಿಷ್ಠನೇ ಎರಡಾಗಿ, 14 ಆರ್ಕ್ ಸೆಕೆಂಡ್ ಅಂತರದಲ್ಲಿ ಕಾಣುತ್ತಾನೆ; ಯಾವ ಟೆಲಿಸ್ಕೋಪಾದರೂ ಇದನ್ನು ಬಿಡಿಸಬೇಕು. ಮುಂದಿನ ಮೆಟ್ಟಿಲು ಪುನರ್ವಸುವಿನ ಕ್ಯಾಸ್ಟರ್, ಸುಮಾರು 5 ಆರ್ಕ್ ಸೆಕೆಂಡ್. ಕೊನೆಯದು ಅಭಿಜಿತ್ ನಕ್ಷತ್ರದ ಬಳಿಯ ಎಪ್ಸಿಲಾನ್ ಲೈರೇ. ಅಲ್ಲಿನ ಎರಡು ಚುಕ್ಕೆಗಳೂ ಮತ್ತೆ ಎರಡೆರಡಾಗಿ ಒಡೆಯುತ್ತವೆ, ಅಂತರ ಸುಮಾರು 2.3. ಚಳಿಗಾಲದಲ್ಲಿ ಇದು ಸಂಜೆಗೆ ಬೇಗ ಮುಳುಗುವುದರಿಂದ ಬೇಸಗೆಯ ತಡರಾತ್ರಿಗೆ ಕಾದಿಡಿ, ಆಗ ವರ್ಧನೆಯನ್ನು ನೂರರ ಮೇಲೆ ಏರಿಸಿ. ಹಳೆಯ 60 ಮಿ.ಮೀ. ಮಸೂರ ನಾಲ್ಕನ್ನೂ ಬಿಡಿಸಿ ತೋರಿಸಿದರೆ ಅದನ್ನು ಮಾರುವ ಯೋಚನೆ ಬಿಡಿ.

ಶನಿಯ ಉಂಗುರದ ಕಪ್ಪು ಸೀಳನ್ನು ಪರೀಕ್ಷೆಗೆ ಬಳಸುವವರಿಗೆ ಒಂದು ಕಿವಿಮಾತು: 2025ರ ಮಾರ್ಚ್‌ನಲ್ಲಿ ಉಂಗುರ ನಮ್ಮ ಕಡೆಗೆ ಅಂಚನ್ನಷ್ಟೇ ತೋರಿಸುವಂತೆ ತಿರುಗಿತ್ತು, ಮತ್ತೆ ಪೂರ್ತಿ ತೆರೆದುಕೊಳ್ಳಲು ವರ್ಷಗಳು ಬೇಕು. ಅಲ್ಲಿಯವರೆಗೆ ಸೀಳು ಕಾಣದಿದ್ದರೆ ಟೆಲಿಸ್ಕೋಪನ್ನು ಬೈಯಬೇಡಿ.

ಗುರುಗ್ರಹದಲ್ಲಿ ಅಂತರ ಎದ್ದು ಕಾಣುತ್ತದೆ. 60ರಲ್ಲಿ ಎರಡು ಪಟ್ಟೆ, ನಾಲ್ಕು ಚಂದ್ರ, ಶುಭ್ರ ಕಪ್ಪು ಹಿನ್ನೆಲೆ. ಆರು ಇಂಚಿನಲ್ಲಿ ಪಟ್ಟೆಗಳ ಅಂಚು ಹರಿದಂತೆ, ಗಂಟುಗಂಟಾಗಿ ಕಾಣುತ್ತದೆ. ಸ್ಮಾರ್ಟ್ ಟೆಲಿಸ್ಕೋಪಿನಲ್ಲಿ? ಆ ಎಸ್50ಯ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ 2.9 ಮೈಕ್ರಾನ್, 250 ಮಿ.ಮೀ. ಸಂಗಮ ದೂರಕ್ಕೆ ಅದು ಆಕಾಶದ 2.4 ಆರ್ಕ್ ಸೆಕೆಂಡಿಗೆ ಸಮ. 45 ಆರ್ಕ್ ಸೆಕೆಂಡಿನ ಗುರು ಅಡ್ಡಲಾಗಿ ಹತ್ತೊಂಬತ್ತು ಪಿಕ್ಸೆಲುಗಳಲ್ಲಿ ಮುಗಿದುಹೋಗುತ್ತದೆ. ಗ್ರಹ ನೋಡಲು ಇದನ್ನು ಕೊಳ್ಳುವವರನ್ನು ನಾನು ತಡೆಯುತ್ತೇನೆ.

ನೀಹಾರಿಕೆಗಳಿಗೆ ಬಂದಾಗ ಪಂದ್ಯ ತಿರುಗುತ್ತದೆ. ಮಹಾವ್ಯಾಧನ ನೀಹಾರಿಕೆ 60ರಲ್ಲಿ ಬೂದು ಮಸುಕು, ಆರು ಇಂಚಿನಲ್ಲಿ ರೆಕ್ಕೆ ಬಿಚ್ಚಿದ ಹಸಿರು ಛಾಯೆಯ ಮೋಡ, ನಡುವೆ ನಾಲ್ಕು ನಕ್ಷತ್ರಗಳ ಚೌಕ. ಕೆಂಪು ಮಾತ್ರ ಕಣ್ಣಿಗೆ ಕಾಣದು. ಕತ್ತಲಿಗೆ ಹೊಂದಿದ ಕಣ್ಣು ಅಷ್ಟು ಮಂದವಾದ ಕೆಂಪನ್ನು ಹಿಡಿಯುವುದಿಲ್ಲ. ಸ್ಮಾರ್ಟ್ ಟೆಲಿಸ್ಕೋಪ್ ಕೆಲವೇ ನಿಮಿಷಗಳಲ್ಲಿ ಆ ಕೆಂಪನ್ನೂ ತೋರಿಸುತ್ತದೆ, ಅದೂ ಬೀದಿದೀಪಗಳಿರುವ ತಾರಸಿಯಿಂದ. ಏಪ್ರಿಲ್–ಮೇನಲ್ಲಿ ದಕ್ಷಿಣಕ್ಕೆ ತ್ರಿಶಂಕುವಿನ ಎಡಮೇಲೆ ಬರುವ ಒಮೆಗಾ ಸೆಂಟಾರಿ ಎಂಬ ನಕ್ಷತ್ರಗಳ ಗೋಳಗುಚ್ಛ ಹುಬ್ಬಳ್ಳಿಯಲ್ಲಿ ಸುಮಾರು 27 ಡಿಗ್ರಿ ಎತ್ತರಕ್ಕೆ ಏರುತ್ತದೆ. ಲಂಡನ್ನಿನವರಿಗೆ ಅದು ಏಳುವುದೇ ಇಲ್ಲ. 60ರಲ್ಲಿ ಹತ್ತಿಯುಂಡೆ, ಆರು ಇಂಚಿನಲ್ಲಿ ಸಣ್ಣ ಸಣ್ಣ ಕಾಳುಗಳಾಗಿ ಒಡೆಯತೊಡಗುತ್ತದೆ. ಮೊಬೈಲ್ ಪರದೆಯಲ್ಲಿ ಇದು ಅತಿ ಸುಂದರ. ಆದರೆ ನೋಡಲು ಬಂದವರು ಐಪೀಸಿನ ಬಳಿ ಹೆಚ್ಚು ಹೊತ್ತು ನಿಲ್ಲುತ್ತಾರೆ, ಪರದೆಯನ್ನು ಫೋಟೋ ತೆಗೆದುಕೊಂಡು ಹೋಗುತ್ತಾರೆ. ನನಗೆ ಐಪೀಸಿನ ಬಳಿ ನಿಲ್ಲುವವರೇ ಇಷ್ಟ, ಅದು ನನ್ನ ಪಕ್ಷಪಾತ. ಬಗ್ಗಲು ಬಾರದ ಅಜ್ಜಿಗೆ, ಮೂವತ್ತು ಮಕ್ಕಳ ತರಗತಿಗೆ ಪರದೆಯೇ ಮೇಲು ಎಂಬುದನ್ನೂ ಒಪ್ಪುತ್ತೇನೆ.

ತೀರ್ಪು ಕೊಡುವ ಕೆಲಸವನ್ನು ಟೆಲಿಸ್ಕೋಪಿನ ಬೆಲೆ ಗೊತ್ತಿಲ್ಲದವರಿಗೆ ಬಿಡಿ. ಪಕ್ಕದ ಹೊಲದವರನ್ನೋ, ಮಕ್ಕಳನ್ನೋ ಕರೆದು, ಯಾವುದು ಹಳೆಯದೆಂದು ಹೇಳದೆ, ಕಂಡದ್ದನ್ನು ಕಾಗದದ ಮೇಲೆ ಬರೆಯಲು ಕೊಡಿ. ಯಾವುದರಲ್ಲಿ ಹೆಚ್ಚು ವಿವರ ಬಂತೆಂದು ಬೆಳಿಗ್ಗೆ ನೋಡಿ.

ಕೊಳ್ಳುವವರಿಗೆ, ಇಟ್ಟುಕೊಳ್ಳುವವರಿಗೆ

ಮೊದಲ ಟೆಲಿಸ್ಕೋಪ್ ಕೊಳ್ಳುವವರಿಗೆ ನಾನು ಹೇಳುವುದು ಆರು ಇಂಚಿನ ಡಾಬ್ಸೋನಿಯನ್. ಕನ್ನಡಿ ಸರಿಯಿದ್ದರೆ ಹಳೆಯದೂ ಆದೀತು. ಅಟ್ಟದ ಮೇಲೆ 60 ಮಿ.ಮೀ. ಎಫ್/15 ಸಿಕ್ಕರೆ ಮೊದಲು ಐಪೀಸ್ ಬದಲಿಸಿ, ಆಮೇಲೆ ಹೊಸದರ ಮಾತು. ಬೆಂಗಳೂರಿನ ನಡುವೆ ಅಪಾರ್ಟ್‌ಮೆಂಟಿನ ಬಾಲ್ಕನಿಯಷ್ಟೇ ಇರುವವರಿಗೆ ಸ್ಮಾರ್ಟ್ ಟೆಲಿಸ್ಕೋಪ್ ದುಂದುವೆಚ್ಚವಲ್ಲ, ಗ್ರಹಗಳ ಆಸೆ ಬಿಟ್ಟಿದ್ದರೆ.

ಜೂನ್ ಬರುವ ಮೊದಲು ಐಪೀಸ್ ಮತ್ತು ಮಸೂರಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಿಸುವ ಜೆಲ್ ಆದರೆ ಯಾವಾಗ ಹುರಿದು ಒಣಗಿಸಬೇಕೆಂದು ತಾನೇ ಹೇಳುತ್ತದೆ. ಚರ್ಮದ ಚೀಲ, ಮಖಮಲ್ಲಿನ ಪೆಟ್ಟಿಗೆಗಳು ಮಳೆಗಾಲದಲ್ಲಿ ಬೂಷ್ಟಿನ ತವರುಮನೆ, ಅವುಗಳಿಂದ ಹೊರಗೆ ತೆಗೆದಿಡಿ. ಸ್ಮಾರ್ಟ್ ಟೆಲಿಸ್ಕೋಪಿನ ಬ್ಯಾಟರಿಯನ್ನು ಪೂರ್ತಿ ಖಾಲಿ ಬಿಟ್ಟು ನಾಲ್ಕು ತಿಂಗಳು ಮೂಲೆಗಿಡಬೇಡಿ, ಅರ್ಧದಷ್ಟಾದರೂ ಚಾರ್ಜ್ ಇರಲಿ.

ಬೇರೆಯವರ ಮನೆಗೆ ಹಳೆಯದನ್ನು ನೋಡಲು ಹೋಗುವಾಗ ಟಾರ್ಚು, ಬಿಳಿ ಹಾಳೆ, ಸ್ಕೇಲು, ನಿಮ್ಮದೇ ಒಂದು ಒಳ್ಳೆಯ ಐಪೀಸ್ ಒಯ್ಯಿರಿ. ಸಂಜೆ ಹೋಗಿ: ಬೆಳಕಿರುವಾಗ ಬೂಷ್ಟು ಮತ್ತು ಗೇರು, ಕತ್ತಲಾದ ಮೇಲೆ ನಕ್ಷತ್ರದ ಉಂಗುರ. ಕತ್ತಲಾಗುವವರೆಗೆ ಕಾಯಲು ಒಪ್ಪದ ಮಾರಾಟಗಾರರಿಗೆ ಮುಂಗಡ ಕೊಡಬೇಡಿ.